ಸುಳ್ಳು ಎನ್ನಬೇಡಿ, ಸಾಬೀತು ಮಾಡಿ ಎನ್ನಿ

ಪುಣೆಯಲ್ಲಿ ಇದುವರೆಗೆ ಮೂರು ಬಾಡಿಗೆ ಮನೆ ಬಿಟ್ಟಿದ್ದೇವೆ. ಎರಡು ಕಡೆ ಡಿಪಾಸಿಟ್ ಸಲೀಸಾಗಿ ವಾಪಸ್ ಬಂತು. ಮೂರನೆಯದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

2024ರ ಮೇ ಕೊನೆಗೆ ಕೀಲಿ ಕೊಟ್ಟೆವು. ಬರಬೇಕಿದ್ದದ್ದು 1,50,000 ರೂಪಾಯಿ. ನೋಟಿಸಿಗೂ ಉತ್ತರವಿಲ್ಲದಾಗ ಅಕ್ಟೋಬರಿನಲ್ಲಿ ದಾವೆ ಹೂಡಿದೆವು. ಮಾಲೀಕರು ಪ್ರತಿದಾವೆಯನ್ನೇ ಹಾಕಿದರು: ಪೇಂಟಿಂಗ್ 62,000, ಅಡುಗೆಮನೆ ಕಪಾಟು 45,000, ಕ್ಲೀನಿಂಗ್ 9,000, ಮನೆ ಖಾಲಿ ಬಿದ್ದ ಎರಡು ತಿಂಗಳ ಬಾಡಿಗೆ 60,000. ಒಟ್ಟು 1,76,000. ಅಂದರೆ ನಾವೇ ಅವರಿಗೆ 26,000 ಕೊಡಬೇಕಂತೆ! ‘ಮನೆ ಹಾಳುಗೆಡವಿದವರು’ ಎಂಬ ಮಾತು ಓದಿ ನನ್ನ ಹೆಂಡತಿಗೆ ಎರಡು ದಿನ ಊಟ ಸೇರಲಿಲ್ಲ. ಪರವೂರಿನವರು, ನಾಲ್ಕು ತಾರೀಖು ಅಲೆದು ಸುಮ್ಮನಾಗುತ್ತಾರೆ ಎಂಬ ಲೆಕ್ಕವೂ ಅದರ ಹಿಂದಿತ್ತು.

ಬಿಲ್ಲುಗಳೆಲ್ಲ ನಕಲಿ ಎಂದು ಬರೆಯಿರಿ ಎಂದೆ. ನಮ್ಮ ವಕೀಲೆ ಒಪ್ಪಲಿಲ್ಲ. “ಮೋಸ ಎಂದರೆ ವಿವರ ಸಮೇತ ತೋರಿಸುವ ಹೊರೆ ನಿಮ್ಮ ತಲೆಗೆ ಬರುತ್ತದೆ. ಒಪ್ಪುವುದಿಲ್ಲ, ಸಾಬೀತು ಮಾಡಲಿ ಎಂದರೆ ಅದು ಅವರ ತಲೆಯಲ್ಲೇ ಉಳಿಯುತ್ತದೆ” ಎಂದರು. ಇಡೀ ಪ್ರಕರಣ ನಿಂತದ್ದು ಈ ಒಂದು ಮಾತಿನ ಮೇಲೆ.

ಮೊದಲು, ನ್ಯಾಯವಾದದ್ದನ್ನು ಒಪ್ಪಿಕೊಂಡೆವು. ಕ್ಲೀನಿಂಗ್ ಖರ್ಚು ಕರಾರಿನಲ್ಲೇ ಇತ್ತು. ಆ 9,000 ಬಿಟ್ಟುಕೊಟ್ಟದ್ದರಿಂದ ಉಳಿದದ್ದರ ಬಗ್ಗೆ ನಮ್ಮ ತಕರಾರಿಗೆ ತೂಕ ಬಂತು.

ಆಮೇಲೆ ಒಂದೊಂದೇ ಬಾಬತ್ತು. ಬಿಲ್ ಕೋರ್ಟಿನಲ್ಲಿ ಹಾಜರಾದ ಮಾತ್ರಕ್ಕೆ ಅದರಲ್ಲಿ ಬರೆದದ್ದು ನಿಜವಾಗುವುದಿಲ್ಲ. ಬರೆದವರು ಬಂದು ಸಾಕ್ಷಿ ಹೇಳಬೇಕು. ಮೂಲ ಬಿಲ್ ಮತ್ತು ಹಣ ಕೊಟ್ಟ ಬ್ಯಾಂಕ್ ದಾಖಲೆ ಹಾಜರುಪಡಿಸಿ ಎಂದು ನೋಟಿಸ್ ಕೊಟ್ಟೆವು. ಪೇಂಟಿಂಗ್ ಬಿಲ್ಲಿನಲ್ಲಿ 18% ಜಿಎಸ್‌ಟಿ ಹಾಕಿದ್ದರು. ಅದರ ಮೇಲಿನ 15 ಅಕ್ಷರಗಳ ನಂಬರನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಬಿಲ್ಲಿನ ತಾರೀಖು ಜೂನ್. ನೋಂದಣಿ ಜಾರಿಯಾದದ್ದು ಆಗಸ್ಟ್! ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ನೋಂದಣಿ ಕಡ್ಡಾಯ. ನೋಂದಣಿ ಇಲಾಖೆಯ ಇಂಡೆಕ್ಸ್-2 ಪ್ರತಿ ತೆಗೆಸಿದರೆ, ‘ಖಾಲಿ ಬಿದ್ದ’ ಮನೆಗೆ ಮೂರೇ ವಾರದಲ್ಲಿ ಹೊಸ ಬಾಡಿಗೆದಾರರು ಬಂದಿದ್ದರು.

ಮುರಿದ ಕಪಾಟಿನ ಫೋಟೋಗಳು ಪೆನ್‌ಡ್ರೈವ್‌ನಲ್ಲಿದ್ದವು, ಪ್ರಮಾಣಪತ್ರ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು: ಒಂದು ಕಕ್ಷಿದಾರರದ್ದು, ಇನ್ನೊಂದು ತಜ್ಞರದ್ದು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ನಮ್ಮ ಕಸುಬಿನವರಿಗೆ ಇದು ನಿತ್ಯದ ಮಾತು. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಕೀಲಿ ಕೊಡುವ ದಿನ ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದು ತೆಗೆದ ನಮ್ಮ ವಿಡಿಯೋ ಈ ಪ್ರಮಾಣಪತ್ರದೊಂದಿಗೆ ಫೈಲ್ ಆಯಿತು.

ಇಷ್ಟರಲ್ಲೂ ‘ಸುಳ್ಳು’ ಎಂಬ ಪದವನ್ನು ನಾವು ಎಲ್ಲೂ ಬಳಸಲಿಲ್ಲ. ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟೆವು, ಅಷ್ಟೆ. ಪೇಂಟರ್ ಸಾಕ್ಷಿಗೆ ಬರಲಿಲ್ಲ, ಬ್ಯಾಂಕ್ ದಾಖಲೆಯೂ ಬರಲಿಲ್ಲ. ಬಂದದ್ದು ರಾಜಿಯ ಮಾತು. ಲೋಕ ಅದಾಲತ್‌ನಲ್ಲಿ 1,41,000ಕ್ಕೆ ಮುಗಿಯಿತು. ಕೋರ್ಟ್ ಫೀ ಕೂಡ ವಾಪಸಾಯಿತು.

ಪೂರ್ತಿ ವಿಚಾರಣೆ ನಡೆಸಿ ಸೇಡು ತೀರಿಸಿಕೊಳ್ಳಬಹುದಿತ್ತಲ್ಲ ಎಂದು ಗೆಳೆಯರು ಕೇಳಿದರು. ಸುಳ್ಳು ತಕರಾರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಲ್ಲಿ ಸಿಗುವ ಪರಿಹಾರದ ಮಿತಿ ಮೂರೇ ಸಾವಿರ ರೂಪಾಯಿ. ಅದಕ್ಕಾಗಿ ಇನ್ನಷ್ಟು ವರ್ಷ ರಜೆ ಹಾಕಿ ಅಲೆಯುವುದು ಬೇಡವೆನಿಸಿತು. ರಾಜಿಪತ್ರದಲ್ಲಿ ಮನೆಗೆ ಹಾನಿಯಾಗಿದೆ ಎಂಬ ಆರೋಪವನ್ನು ಹಿಂತೆಗೆದುಕೊಂಡಿದ್ದೇವೆ ಎಂದು ಅವರಿಂದ ಒಂದು ಸಾಲು ಬರೆಸಿಕೊಂಡೆವು. ನನ್ನ ಹೆಂಡತಿ ಮೊದಲು ಓದಿದ್ದು ಆ ಸಾಲನ್ನೇ. ಚೆಕ್ ನೋಡಿದ್ದು ಆಮೇಲೆ.