ಒಂದು ಗೇಣು ನೀರು

ನಮ್ಮೂರಿನ ಕಡವಿನಲ್ಲಿ ದೋಣಿಗೂ ದಡಕ್ಕೂ ನಡುವೆ ಯಾವಾಗಲೂ ಒಂದು ಗೇಣು ನೀರು ಇರುತ್ತಿತ್ತು. ಉಬ್ಬರದ ಹೊತ್ತಿಗೆ ದೋಣಿ ಕಲ್ಲಿನ ಮೆಟ್ಟಿಲಿಗಿಂತ ಮೇಲೇರುತ್ತಿತ್ತು, ಇಳಿತದಲ್ಲಿ ಮೊಣಕಾಲಿನಷ್ಟು ಕೆಳಗಿಳಿಯುತ್ತಿತ್ತು. ಆ ಗೇಣು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅಂಬಿಗ ಕೈ ಚಾಚುತ್ತಿದ್ದ, ಮಕ್ಕಳು ನಾವು ಹಾರಿಬಿಡುತ್ತಿದ್ದೆವು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೇವರ ಹೆಸರು ಹೇಳಿ, ಉಸಿರು ಬಿಗಿಹಿಡಿದು ಕಾಲಿಡುತ್ತಿದ್ದಳು. ಒಂದು ಮಳೆಗಾಲದಲ್ಲಿ ಆ ಕಾಲು ಜಾರಿತು. ಪೆಟ್ಟೇನೂ ದೊಡ್ಡದಾಗಲಿಲ್ಲ. ಆದರೆ ಆಮೇಲೆ ಆಕೆ ದೋಣಿ ಹತ್ತಲೇ ಇಲ್ಲ. ಹೊಳೆಯಾಚೆ ಮಗಳ ಮನೆ. ಸಂಜೆ ಅಲ್ಲಿ ದೀಪ ಹಚ್ಚಿದರೆ ಇಲ್ಲಿ ಕಾಣುತ್ತಿತ್ತು. ಅಷ್ಟು ಹತ್ತಿರದ ಮನೆ ಕೊನೆಯವರೆಗೂ ಆಕೆಗೆ ಪರದೇಶವಾಗಿ ಉಳಿಯಿತು.

ಕೊಚ್ಚಿಯಲ್ಲಿ ನೀರಿನ ಮೇಲೂ ಮೆಟ್ರೋ ಓಡುತ್ತದೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಗೇಣು. ಅದನ್ನು ಅವರು ಏನು ಮಾಡಿರಬಹುದು? ಈ ಒಂದು ಪ್ರಶ್ನೆಯನ್ನು ಬುತ್ತಿಯಂತೆ ಕಟ್ಟಿಕೊಂಡು ನಸುಕಿನಲ್ಲಿ ಮಂಗಳೂರಿನಿಂದ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದೆ. ನೇತ್ರಾವತಿ, ಚಂದ್ರಗಿರಿ, ವಳಪಟ್ಟಣಂ, ಭಾರತಪ್ಪುಳ, ಪೆರಿಯಾರ್. ಒಂದೊಂದೇ ಹೊಳೆಯನ್ನು ಕಿಟಕಿಯಾಚೆ ಬಿಟ್ಟುಕೊಡುತ್ತ ರೈಲು ಮಧ್ಯಾಹ್ನದ ಹೊತ್ತಿಗೆ ಆಲುವಾ ತಲುಪಿತು.

ಅಲ್ಲಿಂದ ಮುಂದೆ ಕೊಚ್ಚಿ ಮೆಟ್ರೋ. 2017ರ ಜೂನ್‌ನಲ್ಲಿ ಶುರುವಾದ ಈ ಮೆಟ್ರೋದ ನಿಲ್ದಾಣಗಳಲ್ಲಿ ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ಕೆಲಸ ಮಾಡುತ್ತಾರೆ. ಟಿಕೆಟ್ ಕೊಟ್ಟಾಕೆ ನನ್ನ ಮುರುಕು ಮಲಯಾಳಂ ಕೇಳಿ ನಿಧಾನವಾಗಿ, ಎರಡೆರಡು ಸಲ ದಾರಿ ಹೇಳಿದಳು. ತೆಂಗಿನ ಮರಗಳ ತಲೆಯ ಮಟ್ಟದಲ್ಲಿ ಸಾಗಿದ ರೈಲು ನನ್ನನ್ನು ವೈಟ್ಟಿಲದಲ್ಲಿ ಇಳಿಸಿತು. ಮೆಟ್ರೋ, ಊರೂರಿನ ಬಸ್ಸು, ದೋಣಿ, ಮೂರೂ ಇಲ್ಲಿ ಒಂದೇ ಅಂಗಳಕ್ಕೆ ಬಂದು ನಿಲ್ಲುತ್ತವೆ. ಒಂದರಿಂದ ಇಳಿದವರು ನಡೆದುಕೊಂಡೇ ಇನ್ನೊಂದಕ್ಕೆ ಹೋಗುತ್ತಾರೆ. ಬಸ್‌ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗಲು ಆಟೊ ಹುಡುಕಿಯೇ ಅಭ್ಯಾಸವಾದ ನನಗೆ ಆ ನಾಲ್ಕು ಹೆಜ್ಜೆಯೇ ದೊಡ್ಡ ಸುಖವೆನಿಸಿತು.

ದೋಣಿಯ ನಿಲ್ದಾಣ ನಾನೆಣಿಸಿದ ಹಾಗಿರಲಿಲ್ಲ. ಮೆಟ್ರೋದಲ್ಲಿರುವಂಥದೇ ಗೇಟುಗಳು, ಮುಂದಿನ ದೋಣಿ ಎಷ್ಟು ಹೊತ್ತಿಗೆ ಎಂದು ತೋರಿಸುವ ಫಲಕ. ಮೆಟ್ರೋದ ಕೊಚ್ಚಿ ವನ್ ಕಾರ್ಡು ಇಲ್ಲಿಯೂ ನಡೆಯುತ್ತದೆ. ಗೇಟು ದಾಟಿದ ಮೇಲೆ ಇಳಿಜಾರಿನ ಸೇತುವೆ, ಅದರ ತುದಿಗೆ ಅಗಲವಾದ ಒಂದು ಜಗಲಿ, ಜಗಲಿಗೆ ಒರಗಿದಂತೆ ಬಿಳಿ ದೋಣಿ. ಹತ್ತುವ ಮೊದಲು ನನ್ನ ಕಣ್ಣು ತಾನಾಗಿಯೇ ಕೆಳಗೆ ಹೋಯಿತು.

ಗೇಣು ಇರಲಿಲ್ಲ. ಜಗಲಿಯ ನೆಲ ಮುಗಿದಲ್ಲಿ ದೋಣಿಯ ನೆಲ ಶುರುವಾಗುತ್ತಿತ್ತು, ಪಡಸಾಲೆಯಿಂದ ಕೋಣೆಗೆ ಹೋದಂತೆ. ನನ್ನ ಮುಂದಿದ್ದ ಗಾಲಿಕುರ್ಚಿಯೊಂದು ಯಾರೂ ಎತ್ತದೆ, ಕುಲುಕದೆ ಒಳಗೆ ಉರುಳಿಹೋಯಿತು. ಅದನ್ನು ತಳ್ಳುತ್ತಿದ್ದ ಹುಡುಗ ಮಾತು ನಿಲ್ಲಿಸಲೂ ಇಲ್ಲ.

ಗುಟ್ಟು ಆ ಜಗಲಿಯಲ್ಲಿದೆ. ಅದು ದಡಕ್ಕೆ ಸೇರಿದ್ದಲ್ಲ, ನೀರಿಗೆ ಸೇರಿದ್ದು. ಕಂಬಗಳ ಆಸರೆಯಲ್ಲಿ ತೇಲುವ ಪೊಂಟೂನ್ ಅದು. ಉಬ್ಬರ ಬಂದರೆ ದೋಣಿಯ ಜೊತೆಗೇ ಏರುತ್ತದೆ, ಇಳಿತವಾದರೆ ಜೊತೆಗೇ ಇಳಿಯುತ್ತದೆ. ಏರಿಳಿತದ ಲೆಕ್ಕವನ್ನೆಲ್ಲ ಹಿಂದಿನ ಇಳಿಜಾರು ಸೇತುವೆ ತನ್ನ ಕೀಲಿನಲ್ಲಿ ನುಂಗಿಕೊಳ್ಳುತ್ತದೆ. ಇದಕ್ಕೆ ಕಂಪ್ಯೂಟರು ಬೇಕಿಲ್ಲ, ಸೆನ್ಸರು ಬೇಕಿಲ್ಲ. ನೀರನ್ನು ಅಳೆಯುವ ಕೆಲಸವನ್ನು ನೀರಿಗೇ ಬಿಟ್ಟಿದ್ದಾರೆ. ಈಗ ಎಲ್ಲೆಡೆ ಕೇಳಿಬರುವ ಸ್ಮಾರ್ಟ್ ಎಂಬ ಪದಕ್ಕೆ ಆ ದಿನ ನಾನು ಕಂಡ ಮೊದಲ ಅರ್ಥ ಇದು.

ದೋಣಿ ಹೊರಟದ್ದು ನನಗೆ ತಿಳಿಯಲಿಲ್ಲ. ದಡದ ತೆಂಗುಗಳು ಹಿಂದಕ್ಕೆ ಸರಿಯತೊಡಗಿದಾಗಲೇ ಗೊತ್ತಾದದ್ದು. ಡೀಸೆಲ್ಲಿನ ನಾತವಿಲ್ಲ, ಕಾಲಡಿ ನಡುಗುವ ಹಲಗೆಯಿಲ್ಲ. ಹಿಂದಿನ ಸೀಟಿನ ಮಗು ಅಮ್ಮನಿಗೆ ಪಿಸುಗುಟ್ಟಿದ್ದು ಕೇಳುವಷ್ಟು ಮೌನ. ಕಾಲುವೆಯ ಎರಡೂ ಕಡೆ ಅಂತರಗಂಗೆಯ ಹಸಿರು, ಗೂಟದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದ ನೀರುಕಾಗೆ. ನಾವು ಪಕ್ಕದಲ್ಲೇ ಹಾದುಹೋದರೂ ಅದು ಕದಲಲಿಲ್ಲ.

ಈ ಮೌನದ ಹಿಂದೆ ಬ್ಯಾಟರಿಯಿದೆ. ಆಯ್ದುಕೊಂಡಿರುವುದು ಲಿಥಿಯಂ ಟೈಟನೇಟ್ ಎಂಬ ಬಗೆಯನ್ನು. ನಮ್ಮ ಫೋನುಗಳ ಬ್ಯಾಟರಿಯಲ್ಲಿ ಲಿಥಿಯಂ ಕಣಗಳು ಗ್ರಾಫೈಟಿನ ಪದರಗಳೊಳಗೆ ನುಗ್ಗಿ ಕೂರುತ್ತವೆ. ಪ್ರತಿ ಸಲ ತುಂಬುವಾಗ ಗ್ರಾಫೈಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ, ಹೀಗೇ ಸವೆಯುತ್ತದೆ. ಟೈಟನೇಟ್ ಹಾಗೆ ಹಿಗ್ಗುವುದಿಲ್ಲ. ನೆಂಟರು ಬಂದರೂ ಹೋದರೂ ಗೋಡೆ ಅಲುಗದ ಗಟ್ಟಿ ಮನೆಯ ಹಾಗೆ. ಅದಕ್ಕೇ ಬೇಗ ತುಂಬಿಸಬಹುದು, ಸಾವಿರಾರು ಸಲ ತುಂಬಿಸಬಹುದು, ಬೆಂಕಿಯ ಭಯವೂ ಕಡಿಮೆ. ದೊಡ್ಡ ಕೊರತೆಯೆಂದರೆ ತೂಕ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಭಾರ ಹೊರಬೇಕು. ಕಾರಿಗೆ ಅದು ಕಷ್ಟ. ಭಾರ ಹೊರುವುದನ್ನೇ ಕಸುಬು ಮಾಡಿಕೊಂಡ ನೀರಿಗೆ ಅದು ಯಾವ ಲೆಕ್ಕ!

ಒಂದು ದೋಣಿಯ ಬ್ಯಾಟರಿಯಲ್ಲಿ ಹಿಡಿಯುವುದು, ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ, ಸುಮಾರು 120 ಯೂನಿಟ್. ಜನ ಇಳಿದು ಹತ್ತುವ ಹತ್ತು ಹದಿನೈದು ನಿಮಿಷದಲ್ಲೇ ದಡದ ಕೇಬಲ್ಲಿನಿಂದ ತುಂಬಿಸಿಕೊಳ್ಳಬಹುದು. ಆಪತ್ತಿಗಿರಲಿ ಎಂದು ಡೀಸೆಲ್ ಜನರೇಟರೊಂದು ಒಳಗಿದೆ. ವೇಗ ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸು. ಕಡಿಮೆಯೆನಿಸಬಹುದು. ಆದರೆ ಸಂಜೆ ಆರಕ್ಕೆ ಕೊಚ್ಚಿಯ ರಸ್ತೆಯಲ್ಲಿ ಸಿಕ್ಕಿಕೊಂಡವರನ್ನು ಕೇಳಿ ನೋಡಬೇಕು.

ದೋಣಿಯ ಮೈಯೂ ಯೋಚಿಸಿ ಮಾಡಿದ್ದು. ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಹುಟ್ಟಿದ, ಸುಮಾರು 25 ಮೀಟರ್ ಉದ್ದದ ಈ ಅಲ್ಯೂಮಿನಿಯಂ ದೋಣಿ ಎರಡು ತೆಳು ಒಡಲುಗಳ ಮೇಲೆ ನಿಂತ ಕೆಟಮರಾನ್. ನೀರನ್ನು ಉಳುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಹಿಂದೆ ಏಳುವ ಅಲೆ ಸಣ್ಣದು. ಇದರ ಬೆಲೆ ಗೊತ್ತಿರುವುದು ದಡದಲ್ಲಿ ಮನೆ ಕಟ್ಟಿಕೊಂಡವರಿಗೆ. ಪ್ರತಿ ದೋಣಿಯ ಅಲೆ ಬಂದು ಬಡಿದು ಅಂಗಳದ ಮಣ್ಣನ್ನು ಹಿಡಿಹಿಡಿಯಾಗಿ ಒಯ್ಯುವುದನ್ನು ನಮ್ಮ ಹೊಳೆಬದಿಯವರೂ ಕಂಡಿದ್ದಾರೆ. ಇಲ್ಲಿ ಒಬ್ಬಾಕೆ ನೀರಿಗಿಳಿಯುವ ಮೆಟ್ಟಿಲಲ್ಲಿ ಕುಳಿತು ಪಾತ್ರೆ ತೊಳೆಯುತ್ತಿದ್ದಳು. ನಾವು ದಾಟಿದೆವು. ಆಕೆಯ ಪಾತ್ರೆಗಳು ಇಟ್ಟಲ್ಲೇ ಇದ್ದವು.

ಇಪ್ಪತ್ತೈದು ನಿಮಿಷಕ್ಕೆ ಕಾಕ್ಕನಾಡ್. ಇನ್ಫೋಪಾರ್ಕಿನ ಕಂಪ್ಯೂಟರ್ ಕಂಪನಿಗಳ ಕಡೆಯ ಊರಿದು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಮನೆಗೆ ಮರಳಲು ಸಾಲಾಗಿ ನಿಂತಿದ್ದರು. ಅದೇ ಸಾಲಿನಲ್ಲಿ ತರಕಾರಿ ಚೀಲದ ಹೆಂಗಸರು, ಕೊಡೆ ಹಿಡಿದ ಮುದುಕರು. ದಡದ ಕೇಬಲ್ಲನ್ನು ದೋಣಿಗೆ ಸಿಕ್ಕಿಸುವುದನ್ನು ನಿಂತು ನೋಡಿದೆ, ಎಮ್ಮೆಗೆ ನೀರಿಡುವಷ್ಟು ಸಹಜವಾಗಿತ್ತು ಆ ಕೆಲಸ.

ಮರಳಿ ವೈಟ್ಟಿಲಕ್ಕೆ ಬಂದು, ಮೆಟ್ರೋ ಹಿಡಿದು, ಹೈಕೋರ್ಟ್ ಕಡವಿಗೆ ಹೋಗುವ ಹೊತ್ತಿಗೆ ಬಿಸಿಲು ಜೇನುಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ವೈಪಿನ್ ದ್ವೀಪಕ್ಕೆ ಇಪ್ಪತ್ತು ನಿಮಿಷ. ಈ ದಾರಿಯಲ್ಲಿ ನೀರು ವಿಶಾಲ. ಎಡಕ್ಕೆ ಬಂದರಿನ ಹಡಗುಗಳು, ಬಲಕ್ಕೆ 1744ರಲ್ಲಿ ಡಚ್ಚರು ಕಟ್ಟಿದ ಅರಮನೆಯಿರುವ ಬೋಲ್ಗಾಟ್ಟಿ, ಅದರಾಚೆ ವಲ್ಲಾರ್ಪಾಡಂನ ದೈತ್ಯ ಕ್ರೇನುಗಳು. 2004ರಲ್ಲಿ ಗೋಶ್ರೀ ಸೇತುವೆಗಳು ಆಗುವವರೆಗೂ ವೈಪಿನ್ ದ್ವೀಪದವರಿಗೆ ಎದುರಿಗೇ ಕಾಣುವ ಎರ್ನಾಕುಲಂಗೆ ದೋಣಿಯೇ ಗತಿಯಾಗಿತ್ತು. ಆಸ್ಪತ್ರೆಗೂ ದೋಣಿ, ಹೆರಿಗೆಗೂ ದೋಣಿ. ನನ್ನ ಅಜ್ಜಿಯಂಥವರು ಇಲ್ಲಿ ಎಷ್ಟು ಮಂದಿ ಇದ್ದಿರಬೇಕು!

ಪಕ್ಕದಲ್ಲಿ ಕುಳಿತಿದ್ದ ವೈಪಿನ್‌ನ ಹಿರಿಯಾಕೆ ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಈ ದೋಣಿ ಹೇಗೆ ಎಂದು ಕೇಳಿದೆ. ಏಸಿಯ ತಂಪನ್ನಾಗಲಿ ಗಾಜಿನ ಕಿಟಕಿಯನ್ನಾಗಲಿ ಹೊಗಳಬಹುದೆಂದುಕೊಂಡಿದ್ದೆ. ಆಕೆ ಒಂದೇ ಮಾತು ಹೇಳಿದರು: "ಪೇಡಿಯಿಲ್ಲ." ಭಯವಿಲ್ಲ.

ಆ ಮಾತಿನ ಆಳ ಅರಿಯಬೇಕಾದರೆ ಕೇರಳದ ನೀರು ನುಂಗಿದವರನ್ನು ನೆನೆಯಬೇಕು. 2002ರ ಜುಲೈ 27ರಂದು ಮುಹಮ್ಮ ಎಂಬ ಊರಿನಿಂದ ಕುಮರಕಂಗೆ ಹೊರಟ ದೋಣಿ ವೇಂಬನಾಡ್ ಹಿನ್ನೀರಿನಲ್ಲಿ ಮುಳುಗಿ 29 ಮಂದಿ ತೀರಿಕೊಂಡರು. ಸರ್ಕಾರಿ ಕೆಲಸದ ಪರೀಕ್ಷೆ ಬರೆಯಲು ಹೊರಟವರೂ ಆ ದೋಣಿಯಲ್ಲಿದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಕೊಚ್ಚಿಯಲ್ಲಿ ಜಲ ಮೆಟ್ರೋ ಉದ್ಘಾಟನೆಯಾದದ್ದು 2023ರ ಏಪ್ರಿಲ್ 25ರಂದು. ಅದಾಗಿ ಎರಡು ವಾರವೂ ಕಳೆದಿರಲಿಲ್ಲ, ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿಗರ ದೋಣಿಯೊಂದು ಮಗುಚಿ 22 ಮಂದಿ ಸತ್ತರು, ಮಕ್ಕಳೇ ಹೆಚ್ಚು. ಅಲ್ಲಿಯೂ ಜನ ಮಿತಿಮೀರಿದ್ದರು. ಎರಡು ಕಡೆಯೂ ತಪ್ಪಿದ್ದು ಎಣಿಕೆ.

ಇಲ್ಲಿ ಗೇಟು ಎಣಿಸುತ್ತದೆ. ದೋಣಿ 100 ಜನರದ್ದು, ಕೂರಲು 50, ನಿಲ್ಲಲು 50. ನೂರು ತುಂಬಿದರೆ ನೂರಾ ಒಂದನೆಯವರು ಮುಂದಿನ ದೋಣಿಗೆ ಕಾಯಬೇಕು. "ಒಬ್ಬರು ತಾನೇ, ಬಿಡಿ" ಎಂಬ ನಮ್ಮೆಲ್ಲರ ದಾಕ್ಷಿಣ್ಯದ ಮಾತು ಆ ಗೇಟಿಗೆ ಕೇಳಿಸುವುದಿಲ್ಲ. ಯಾವ ದೋಣಿ ಎಲ್ಲಿದೆ ಎಂಬುದು ವೈಟ್ಟಿಲದ ನಿಯಂತ್ರಣ ಕೇಂದ್ರದ ಪರದೆಯ ಮೇಲೆ ಮಿನುಗುತ್ತಿರುತ್ತದೆ. ಕತ್ತಲಾದರೆ ಚಾಲಕನಿಗೆ ರಾಡಾರ್ ಇದೆ, ಮೈಯ ಬಿಸಿಯನ್ನೇ ಬೆಳಕಾಗಿ ಕಾಣುವ ಥರ್ಮಲ್ ಕ್ಯಾಮೆರಾ ಇದೆ. ದೀಪವಿಲ್ಲದೆ ಬಲೆ ಬೀಸುತ್ತ ಕುಳಿತ ಬೆಸ್ತ ಅವನ ಕಣ್ಣಿಗೆ ಬೀಳುತ್ತಾನೆ. ಕರಾವಳಿಯಲ್ಲಿ ಹುಟ್ಟಿದ ನನಗೆ ಇದನ್ನು ತಿಳಿದು ಮೈ ಜುಮ್ಮೆಂದಿತು. ಇಷ್ಟೆಲ್ಲ ಯಂತ್ರ, ತಂತಿ, ಪರದೆಗಳು ಕೊನೆಗೆ ಮಾಡುತ್ತಿರುವುದು ಹಳೆಯ ಒಳ್ಳೆಯ ಅಂಬಿಗನೊಬ್ಬ ಮಾಡುತ್ತಿದ್ದ ಕೆಲಸವನ್ನೇ: ಜನ ಎಣಿಸುವುದು, ಕತ್ತಲಲ್ಲಿ ಕಣ್ಣಿಡುವುದು, ಮುದುಕಿಗೆ ಕೈ ಚಾಚುವುದು. ಅಂಬಿಗನಿಗೆ ದಣಿವಾಗುತ್ತಿತ್ತು. ಇವಕ್ಕೆ ದಣಿವಿಲ್ಲ.

ಮೂಲ ಯೋಜನೆ ದೊಡ್ಡದು. 10 ದ್ವೀಪಗಳು, 38 ಕಡವುಗಳು, 78 ದೋಣಿಗಳು. ಜರ್ಮನಿಯ ಕೆಎಫ್‌ಡಬ್ಲ್ಯೂ ಬ್ಯಾಂಕಿನ ಸಾಲವೂ ಸೇರಿ ಖರ್ಚಿನ ಅಂದಾಜು 1,100 ಕೋಟಿ ರೂಪಾಯಿಗೂ ಮೇಲೆ. ಎಲ್ಲವೂ ಇನ್ನೂ ಮುಗಿದಿಲ್ಲ, ಕಾಯುತ್ತಿರುವ ದ್ವೀಪಗಳಿವೆ. ಆದರೆ ಹೊಸ ಬಗೆಯ ದೋಣಿ ಇಳಿಸುವ ಧೈರ್ಯ ಈ ನಾಡಿನವರಿಗೆ ಮೊದಲಿನಿಂದಲೂ ಇದೆ. 2017ರ ಜನವರಿಯಲ್ಲೇ ವೈಕಂನಿಂದ ತವಣಕ್ಕಡವಿಗೆ ದೇಶದ ಮೊದಲ ಸೌರ ದೋಣಿ 'ಆದಿತ್ಯ'ವನ್ನು ಇಳಿಸಿದವರು ಇವರು. ತವಣಕ್ಕಡವು ಎಂಬ ಹೆಸರಿನ ಬಾಲದಲ್ಲಿ ನಮ್ಮದೇ ಕಡವು ಇರುವುದನ್ನು ಕಂಡು ಖುಷಿಯಾಯಿತು. ಜಲ ಮೆಟ್ರೋದ ಮೊದಲ ದೋಣಿಗೆ ಇಟ್ಟ ಹೆಸರು 'ಮುಜಿರಿಸ್'. 1341ರ ಪೆರಿಯಾರ್ ಪ್ರವಾಹದಲ್ಲಿ ಹಾಳಾಯಿತೆಂದು ನಂಬಲಾದ ಪುರಾತನ ಬಂದರು ಅದು. ನೀರು ಅಳಿಸಿದ್ದನ್ನು ನೀರಿನ ಮೇಲೆಯೇ ಮತ್ತೆ ಬರೆದಂತೆ.

ನಮ್ಮ ಮಂಗಳೂರಿನಲ್ಲೂ ನೇತ್ರಾವತಿ ಮತ್ತು ಗುರುಪುರ ಹೊಳೆಗಳಲ್ಲಿ ಜಲ ಮೆಟ್ರೋ ಓಡಿಸುವ ಯೋಜನೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿ ಮುಂದಿಟ್ಟಿದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಇಂದಿಗೂ ದೋಣಿಯಲ್ಲಿ ದಾಟುವ ಊರು ನಮ್ಮದು. ಅದು ಬರಲಿ ಎಂದು ಮನಸಾರೆ ಹಾರೈಸುತ್ತೇನೆ. ಬರುವಾಗ ದೋಣಿಯ ಹೊಳಪಿಗಿಂತ ಮೊದಲು ಆ ತೇಲುವ ಜಗಲಿ ಬರಲಿ, ಆ ಎಣಿಸುವ ಗೇಟು ಬರಲಿ.

ವೈಪಿನ್ ತಲುಪಿದಾಗ ಪಡುವಣ ಪೂರ್ತಿ ಕೆಂಪಾಗಿತ್ತು. ಅಳಿವೆಯ ಬಾಯಲ್ಲಿ ಚೀನಾ ಬಲೆಗಳು ಆಕಾಶವನ್ನೇ ಎತ್ತಿ ಹಿಡಿದಂತೆ ನಿಂತಿದ್ದವು. ದೋಣಿ ಪೊಂಟೂನಿಗೆ ಮೆಲ್ಲನೆ ತಾಗಿತು. ಬುಟ್ಟಿಯ ಹಿರಿಯಾಕೆ ಎದ್ದು ನಡೆದರು. ಅವರ ಮುಂದೆ ಶಾಲೆಯ ಸಮವಸ್ತ್ರದ ಪುಟ್ಟ ಹುಡುಗಿ, ಕೈಯಲ್ಲಿ ತೆರೆದ ಪುಸ್ತಕ. ದೋಣಿ ಮುಗಿಯುವಲ್ಲಿ ಹಿರಿಯಾಕೆ ಒಂದು ಕ್ಷಣ ತಡೆದು ಕೆಳಗೆ ನೋಡಿದರು. ನಾನೂ ನೋಡಿದೆ. ನಮ್ಮಿಬ್ಬರ ಕಾಲುಗಳಿಗೂ ಆ ಗೇಣು ಇನ್ನೂ ನೆನಪಿತ್ತು.

ಹುಡುಗಿ ಪುಸ್ತಕದಿಂದ ತಲೆ ಎತ್ತದೆ ದಾಟಿಹೋದಳು.