ಬೆಂಡೆಯ ಬುಡದ ಕೆಂಪಿರುವೆ

ತರಕಾರಿ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು ಹಾವಿಗಿಂತ ಹೆಚ್ಚು ಹೆದರುವುದು ಇರುವೆಗೆ. ನೆಲ ಅದುರಿದರೆ ಹಾವು ಸರಿದುಹೋಗುತ್ತದೆ. ಕೆಂಪಿರುವೆ ಅದೇ ಅದುರಿಗೆ ಗೂಡಿನಿಂದ ಎದ್ದು ಬರುತ್ತದೆ. ಬೆಂಡೆಯ ಬುಡ ಕೆದಕುತ್ತಿದ್ದ ಕೈಯ ಮಣಿಕಟ್ಟಿನವರೆಗೆ ಅವು ಹತ್ತಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವಾಗ ಹತ್ತಾರು ಕಡೆ ಉರಿ ಎದ್ದಿರುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆ ಹಿಂದೆಗೆದು, ಹಿತ್ತಿಲ ಮಣ್ಣು ಆರಿ ಪುಡಿಯಾಗತೊಡಗಿದಾಗ ಇವುಗಳ ಸಣ್ಣ ಸಣ್ಣ ಮಣ್ಣುಗುಪ್ಪೆಗಳು ಪಾತಿಯ ಏರಿಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಬೇಸಿಗೆ ತರಕಾರಿಗೆ ನಾವು ಕೈಹಾಕುವುದೂ ಆಗಲೇ.

ಕಚ್ಚಿತು ಅಂತ ನಾವು ಹೇಳಿದರೂ ಉರಿ ಅದರ ಬಾಯಿಯದಲ್ಲ. ದವಡೆಯಿಂದ ಚರ್ಮ ಹಿಡಿದುಕೊಂಡು, ಮೈ ಬಾಗಿಸಿ, ಹಿಂಬದಿಯ ಕೊಂಡಿಯಿಂದ ಚುಚ್ಚುತ್ತದೆ. ಹಿಡಿದ ಜಾಗ ಬಿಡದೆ ಸುತ್ತಲೂ ತಿರುಗಿ ಮತ್ತೆ ಮತ್ತೆ ಚುಚ್ಚುತ್ತದೆ. ಹಾಗಾಗಿ ಕೈ ಕೊಡವಿದರೂ, ನೀರಲ್ಲಿ ಅದ್ದಿದರೂ ಅದು ಬಿಡುವುದಿಲ್ಲ. ಅಂಗೈಯಿಂದ ಒತ್ತಿ ಉಜ್ಜಿಯೇ ಕೆಡವಬೇಕು. ಆಮೇಲೆ ಸೋಪು ನೀರಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟುಕೊಂಡರೆ ಹೆಚ್ಚಿನವರಿಗೆ ಅಷ್ಟೇ ಸಾಕು. ಮರುದಿನ ಏಳುವ ಗುಳ್ಳೆಯನ್ನು ಕೆರೆದು ಒಡೆಯದಿದ್ದರಾಯಿತು. ಆದರೆ ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ, ತಲೆ ಸುತ್ತಿದರೆ ಮನೆಮದ್ದು ಹಚ್ಚುತ್ತಾ ಕೂರಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಕೆಲವರ ಮೈಗೆ ಈ ವಿಷ ಒಗ್ಗುವುದೇ ಇಲ್ಲ, ಅವರ ಜೀವಕ್ಕೇ ಕುತ್ತು ಬರಬಹುದು.

ಈ ಇರುವೆ ನಮ್ಮ ನೆಲದ್ದಲ್ಲ ಎಂದು ತಿಳಿದಾಗ ನನಗೆ ಬಹಳ ಅಚ್ಚರಿಯಾಗಿತ್ತು. ವಿಜ್ಞಾನಿಗಳು ಸೊಲೆನಾಪ್ಸಿಸ್ ಜೆಮಿನಾಟಾ ಎಂದು ಕರೆಯುವ ಇದರ ತವರು ಅಮೆರಿಕ ಖಂಡದ ಬಿಸಿ ಸೀಮೆ. 16ನೇ ಶತಮಾನದಲ್ಲಿ ಮೆಕ್ಸಿಕೊದ ಅಕಾಪುಲ್ಕೊ ಬಂದರಿನಿಂದ ಫಿಲಿಪೀನ್ಸಿನ ಮನಿಲಾಕ್ಕೆ ಬೆಳ್ಳಿ ಸಾಗಿಸುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಇದು ಏಷ್ಯಾಕ್ಕೆ ಬಂತೆಂದು 2015ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ತೋರಿಸಿದೆ. ನಮ್ಮ ಪಾತಿಯ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೆಣಸು ಇವೆಲ್ಲವೂ ಅದೇ ಖಂಡದಿಂದ ಬಂದವು. ಬೆಳೆಗಳನ್ನು ನಾವು ಬೇಕೆಂದು ಕರೆದು ಮನೆಯವರನ್ನಾಗಿ ಮಾಡಿಕೊಂಡೆವು, ಇರುವೆ ಕರೆಯದೆಯೇ ಬಂತು.

ಗುರುತು ಹಿಡಿಯುವುದು ಕಷ್ಟವಲ್ಲ. ಗುಂಪಿನಲ್ಲಿ ಅಲ್ಲಲ್ಲಿ ಮೈಗೆ ಮೀರಿದ ದೊಡ್ಡ ತಲೆಯ ಇರುವೆಗಳಿರುತ್ತವೆ. ಬೀಜ ಒಡೆಯುವುದು ಅವುಗಳ ಕೆಲಸ. ಹರಿವೆ ಬೀಜ ಚೆಲ್ಲಿ ವಾರವಾದರೂ ಒಂದು ಕಡೆ ಮಾತ್ರ ಮೊಳಕೆ ಏಳದಿದ್ದರೆ ಬೀಜದ ಅಂಗಡಿಯವರನ್ನು ದೂರುವ ಮೊದಲು ಏರಿಯ ಅಂಚನ್ನು ನೋಡಬೇಕು. ಹಳಬರು ಸೊಪ್ಪಿನ ಪಾತಿಯ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಉದುರಿಸುತ್ತಿದ್ದರು. ಇರುವೆ ನುಚ್ಚು ಹೊತ್ತು ಮುಗಿಸುವುದರೊಳಗೆ ಬೀಜ ಬೇರು ಬಿಟ್ಟಿರುತ್ತದೆ. ಒಂದು ಜೀವಿಗೆ ಅದರ ಪಾಲು ಕೊಟ್ಟು ನಮ್ಮ ಪಾಲು ಉಳಿಸಿಕೊಳ್ಳುವ ಈ ಕ್ರಮದ ಮೇಲೆ ನನಗೆ ತುಂಬಾ ಗೌರವ.

ಅದೇ ಹಳಬರ ಕಾಲದಲ್ಲೇ ಬಿಎಚ್‌ಸಿ ಪುಡಿಯೂ ಬಂತು. ಬಿಳಿ ಪುಡಿಯನ್ನು ಬರಿಗೈಯಲ್ಲಿ ತೆಗೆದು ಬದನೆಯ ಬುಡಕ್ಕೆ ಎರಚುತ್ತಿದ್ದರು. ಇರುವೆ ಸಾಯುತ್ತಿತ್ತು, ಎರೆಹುಳವೂ ಸಾಯುತ್ತಿತ್ತು. ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಉಳಿಯುವ ಆ ವಿಷವನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದರು. ಹೆಸರು ಬದಲಾದ ಬೇರೆ ಪುಡಿಗಳು ಇಂದಿಗೂ ಅಂಗಡಿಯಲ್ಲಿವೆ. ನಾಳೆ ಸಾರಿಗೆ ಬೀಳುವ ಕಾಯಿಯ ಬುಡಕ್ಕೆ ಅದನ್ನು ಹಾಕಲು ನನಗೆ ಮನಸ್ಸು ಬರುವುದಿಲ್ಲ. ಬೇರೆಯವರೂ ಹಾಕಬಾರದೆಂದೇ ನನ್ನ ಆಸೆ.

ಹಾಗಾದರೆ ಏನು ಮಾಡುವುದು? ರವೆ ಹಾಕಿದರೆ ಇರುವೆ ತಿಂದು ಹೊಟ್ಟೆಯುಬ್ಬಿ ಸಾಯುತ್ತದೆ ಎನ್ನುವವರಿದ್ದಾರೆ. ಅದು ನಿಜವಲ್ಲ. ದೊಡ್ಡ ಇರುವೆ ಗಟ್ಟಿ ಆಹಾರ ನುಂಗುವುದೇ ಇಲ್ಲ, ಗೂಡಿಗೆ ಒಯ್ದು ಮರಿಗಳಿಗೆ ಕೊಡುತ್ತದೆ. ಮರಿಗಳು ಅರಗಿಸಿದ ರಸ ಮತ್ತೆ ದೊಡ್ಡವುಗಳಿಗೆ ಬರುತ್ತದೆ. ಬೂದಿ ಒಣಗಿದ್ದಷ್ಟು ಹೊತ್ತು ತಡೆಯುತ್ತದೆ, ಇಬ್ಬನಿ ಬಿದ್ದರೆ ಮುಗಿಯಿತು. ಗಿಡದಿಂದ ದೂರ, ಬದುವಿನಲ್ಲಿ ಗೂಡಿದ್ದರೆ ಕುದಿಯುವ ನೀರು ಒಳ್ಳೆಯ ಉಪಾಯ. ಚಳಿಯ ಬೆಳಗ್ಗೆ, ಎಳೆಬಿಸಿಲು ಗುಪ್ಪೆಯ ಮೇಲೆ ಬಿದ್ದ ಹೊತ್ತಿನಲ್ಲಿ ಹೊಯ್ಯಬೇಕು. ಬೆಚ್ಚಗಿರಲೆಂದು ಮರಿಗಳನ್ನೂ ರಾಣಿಯನ್ನೂ ಮೇಲಕ್ಕೆ ತಂದಿರುತ್ತವೆ. ಚೊಂಬಿನ ನೀರು ಸಾಲದು, ಕೊಡಪಾನದಷ್ಟು ಬೇಕು. ಆದರೂ ಒಂದೇ ಸಲಕ್ಕೆ ಎಲ್ಲ ಗೂಡೂ ಸಾಯುವುದಿಲ್ಲ. ಅಮೆರಿಕದಲ್ಲಿ ಇದೇ ಕುಲದ ಇರುವೆಯ ಮೇಲೆ ಮಾಡಿ ನೋಡಿದಾಗ ಹತ್ತರಲ್ಲಿ ಸುಮಾರು ಆರು ಗೂಡು ನಾಶವಾದವು.

ಪಾತಿಯ ಒಳಗೇ ಗೂಡಿದ್ದರೆ ಬಿಸಿನೀರು ಬೇರನ್ನೂ ಬೇಯಿಸುತ್ತದೆ. ಅಲ್ಲಿ ಬೇಕಾದದ್ದು ತಾಳ್ಮೆ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನು ಸಕ್ಕರೆ ನೀರಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಕರಗಿಸಿ, ಬಾಟಲಿಯ ಮುಚ್ಚಳದಲ್ಲಿ ಹತ್ತಿಯೊಂದಿಗೆ ಇಡಬೇಕು. ಪುಡಿ ಹೆಚ್ಚಾದರೆ ಕುಡಿದ ಇರುವೆ ದಾರಿಯಲ್ಲೇ ಸಾಯುತ್ತದೆ, ವಿಷ ರಾಣಿಯವರೆಗೆ ತಲುಪುವುದಿಲ್ಲ. ಮಣ್ಣಿಗೆ ಚೆಲ್ಲಿದರೆ ಗಿಡಕ್ಕೂ ಕೇಡು. ಮಕ್ಕಳ, ನಾಯಿಯ ಕೈಗೆ ಬಾಯಿಗೆ ಸಿಗದಂತೆ ಮೇಲೊಂದು ತೂತಿನ ಡಬ್ಬಿ ಕವುಚಬೇಕು.

ಮುಖ್ಯವಾದ ಮಾತು ಬೇರೆಯೇ ಇದೆ. ಪಕ್ಕದ ಮನೆಯ ಹುಡುಗಿ ಒಮ್ಮೆ ಬಂದು, “ಅಕ್ಕಾ, ಅಲಸಂದೆ ಕುಡಿಯಲ್ಲೆಲ್ಲ ಇರುವೆ ಮೊಟ್ಟೆ ಇಟ್ಟಿದೆ, ಏನಾದ್ರೂ ಹೊಡೀಬೇಕು” ಅಂದಳು. ಹೋಗಿ ನೋಡಿದರೆ ಕಪ್ಪು ಹೇನು ಕುಡಿ ಕಾಣದಷ್ಟು ಮುತ್ತಿತ್ತು. ಹೇನು ರಸ ಹೀರಿ ಹೊರಬಿಡುವ ಸಿಹಿ ಅಂಟಿಗಾಗಿ ಇರುವೆ ಬರುತ್ತದೆ. ಅದಕ್ಕೆ ಬದಲಾಗಿ ಹೇನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಅಟ್ಟುತ್ತದೆ. ಹೇನನ್ನು ಬಿಟ್ಟು ಇರುವೆಯನ್ನು ಮಾತ್ರ ಕೊಂದರೆ ಮರುವಾರ ಮತ್ತೊಂದು ಸಾಲು ಹತ್ತುತ್ತದೆ. ಆ ದಿನ ಇಬ್ಬರೂ ಸೇರಿ ಹೆಚ್ಚು ಮುತ್ತಿದ್ದ ಕುಡಿಗಳನ್ನು ಮುರಿದು, ಉಳಿದವಕ್ಕೆ ರಭಸವಾಗಿ ನೀರು ಹೊಡೆದು, ಅಂಟುವಾಳದ ನೊರೆನೀರು ಚಿಮುಕಿಸಿದೆವು. ಯೂರಿಯಾ ಜಾಸ್ತಿ ಹಾಕಿದ ಮೃದು ಗಿಡಕ್ಕೆ ಹೇನು ಬೇಗ ಮುತ್ತುತ್ತದೆ ಎಂದೂ ಹೇಳಿದೆ.

ಇರುವೆ ಕಂಡಲ್ಲೆಲ್ಲ ಹೇನಿದೆ ಎಂದೂ ಅಲ್ಲ. ಅಲಸಂದೆಯ ಹೂಗೊನೆಯಲ್ಲಿ, ತುಪ್ಪದ ಹೀರೆಯ ಮೊಗ್ಗಿನ ಹೊರಮೈಯಲ್ಲಿ ಮಕರಂದದ ಸಣ್ಣ ಗ್ರಂಥಿಗಳಿವೆ. ಗಿಡವೇ ಇರುವೆಗೆ ಸಿಹಿ ಕೊಟ್ಟು, ಎಲೆ ತಿನ್ನುವ ಹುಳಗಳಿಂದ ಕಾವಲು ಪಡೆಯುತ್ತದೆ. ಅಲ್ಲಿ ನಾವು ಕೈಹಾಕಬೇಕಿಲ್ಲ.

ಇನ್ನು ಚಗಳಿ ಇರುವೆ. ಹಿತ್ತಿಲಂಚಿನ ಮಾವು, ಪೇರಲೆಯ ಎಲೆಗಳನ್ನು ತನ್ನ ಮರಿಗಳ ನೂಲಿನಿಂದ ಹೊಲಿದು ಗೂಡು ಕಟ್ಟುವ ಇದಕ್ಕೆ ಕೊಂಡಿಯಿಲ್ಲ. ಕಚ್ಚಿ, ಗಾಯಕ್ಕೆ ಆಮ್ಲ ಚಿಮ್ಮಿಸುತ್ತದೆ. ಆ ಹುಳಿಗಾಗಿಯೇ ನಮ್ಮ ಕಡೆ ಚಗಳಿ ಚಟ್ನಿ ಅರೆಯುತ್ತಾರೆ. ಒಡಿಶಾದ ಸಿಮಿಲಿಪಾಲದ ಇಂಥದೇ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಿತ್ತಳೆ ಜಾತಿಯ ಮರಗಳ ಕಾವಲಿಗೆ ಇದೇ ಇರುವೆಯ ಗೂಡುಗಳನ್ನು ದಕ್ಷಿಣ ಚೀನಾದ ಸಂತೆಗಳಲ್ಲಿ ಮಾರುತ್ತಿದ್ದರೆಂದು ಕ್ರಿ.ಶ. 304ರದೆಂದು ಹೇಳಲಾಗುವ ಅಲ್ಲಿನ ಸಸ್ಯಗ್ರಂಥದಲ್ಲಿ ಬರೆದಿದೆ. ಒಂದು ಕೀಟದಿಂದ ಇನ್ನೊಂದನ್ನು ಹತೋಟಿಯಲ್ಲಿಟ್ಟ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಹಿಟ್ಟುತಿಗಣೆಯನ್ನು ಚಗಳಿಯೂ ಸಾಕುತ್ತದೆ, ಸುಳ್ಳಲ್ಲ. ಆದರೂ ಅದು ಹಿಡಿದು ತಿನ್ನುವ ಕೀಟಗಳ ಲೆಕ್ಕ ದೊಡ್ಡದು. ಚಗಳಿ ಗೂಡಿಗೆ ಬೆಂಕಿ ಹಿಡಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ತೊಂಡೆ ಚಪ್ಪರಕ್ಕೆ ತಾಗುವ ಕೊಂಬೆಗಳನ್ನಷ್ಟೇ ಸವರಿ, ಚಪ್ಪರದ ಕಂಬಗಳಿಗೆ ಗ್ರೀಸು ಮೆತ್ತಿದ ಬಟ್ಟೆ ಸುತ್ತಿದರೆ ಅವು ಮರದಲ್ಲಿಯೇ ಇರುತ್ತವೆ. ಪೇರಲೆ ಹಣ್ಣು ಬೇಕಾದವರು ಬಿಸಿಲೇರಿ ಅವು ಚುರುಕಾಗುವ ಮೊದಲೇ ದೋಟಿ ಹಿಡಿದು ಹೋಗಬೇಕು.