ಹೊಟ್ಟೆ ಕಾಣದ ತಿಂಗಳುಗಳು

ಚಳ್ಳಕೆರೆಗೆ ಹೆಸರು ತಂದದ್ದು ಶೇಂಗಾ ಮತ್ತು ಎಣ್ಣೆ ಮಿಲ್ಲು. ಆ ಘಮ ಊರಿನವರಿಗೆ ಹೆಮ್ಮೆ. ಮುಟ್ಟು ನಿಂತು ಎರಡು ವಾರವಾದ ಸೊಸೆಯನ್ನು ಮಾತ್ರ ಅದರ ಬಗ್ಗೆ ಕೇಳಬಾರದು. ಎಣ್ಣೆ ಕಾಯುವ ಮೊದಲೇ ಅವಳ ಸೆರಗು ಬಾಯಿಗೆ ಹೋಗಿರುತ್ತದೆ.

ಇದನ್ನು 'ಬೆಳಗಿನ ವಾಕರಿಕೆ' ಎಂದು ಕರೆದವರು ಬಸುರಿಯಾಗಿರಲಿಕ್ಕಿಲ್ಲ. ಆರನೇ ವಾರದ ಆಸುಪಾಸಿಗೆ ಶುರುವಾಗುವ ಅದಕ್ಕೆ ಬೆಳಗು ಬೈಗೆಂಬ ಭೇದವಿಲ್ಲ. ಗರ್ಭ ಕಟ್ಟಿದೊಡನೆ ಎಚ್‌ಸಿಜಿ ಹಾರ್ಮೋನು ಏರತೊಡಗುತ್ತದೆ. ಕಿಟ್ಟಿನ ಮೇಲೆ ಎರಡನೇ ಗೆರೆ ಮೂಡಿಸುವುದೂ ಅದೇ. ಪ್ರೊಜೆಸ್ಟರಾನ್ ಏರಿದಂತೆ ಸುಸ್ತು, ನಿದ್ದೆ, ಮಲಬದ್ಧತೆ. ಎದೆ ಮುಟ್ಟಿದರೆ ನೋವು. ಮೂತ್ರಪಿಂಡಕ್ಕೆ ಹರಿಯುವ ರಕ್ತ ಹೆಚ್ಚಿ ಪದೇ ಪದೇ ಏಳಬೇಕು. ಮೊಳಕಾಲ್ಮುರಿನಲ್ಲಿ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುವವಳಿಗೆ ಹಾಗೆ ಎದ್ದೇಳುವುದೆಂದರೆ ಪ್ರತಿ ಸಲವೂ ಒಂದು ಕೆಲಸ. ಕೂಲಿಯೂ ಅಷ್ಟು ಕಡಿತ.

ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು ಹೊರಗಿನ ಗುಡ್ಲಲ್ಲಿರಬೇಕೆಂಬ ಕಟ್ಟುಪಾಡು ಪೂರ್ತಿ ಅಳಿದಿಲ್ಲ. ಮುಟ್ಟಾದವರನ್ನೂ ಬಸುರಿಯರನ್ನೂ ಒತ್ತಾಯದಿಂದ ದೂರ ಇಡುವುದು 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಡಿ ಅಪರಾಧ. ಅಂಥ ಕಡೆ ಒಬ್ಬಳು ತಿಂಗಳು ತಪ್ಪಿ ಗುಡ್ಲಿಗೆ ಬರಲಿಲ್ಲವೆಂದರೆ ಡಾಕ್ಟರಿಗಿಂತ ಮೊದಲು ಹಟ್ಟಿಗೇ ಗೊತ್ತು. "ಏನವ್ವಾ, ಈ ತಿಂಗ್ಳು ಹೊರಗಾಗ್ಲಿಲ್ವಾ?" ಎಂದು ಒಬ್ಬಳು ಕೇಳಿದರೆ ಸಾಕು. ಅವಳಿಗೆ ತನ್ನ ಸುದ್ದಿಯನ್ನು ತಾನೇ ಹೇಳುವ ಭಾಗ್ಯವೂ ಇಲ್ಲ.

ಉಳಿದ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ. "ಮೂರು ತಿಂಗ್ಳು ಬಾಯಿ ಬಿಡ್ಬ್ಯಾಡ, ದೃಷ್ಟಿ ಆಗ್ತೈತೆ" ಎನ್ನುತ್ತಾರೆ ಅತ್ತೆ. ಅದಕ್ಕೆ ಕಾರಣವಿಲ್ಲದಿಲ್ಲ: ಗರ್ಭಪಾತಗಳಲ್ಲಿ ಬಹುಪಾಲು ಆಗುವುದು ಆ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಮೂಲ. ಬಸುರಿಯಾಗಿದ್ದಾಗ ಮೆಟ್ಟಿಲು ಹತ್ತಿದ್ದು, ಪರಂಗಿ ಚೂರು ತಿಂದದ್ದು ನೆನೆದು ವರ್ಷಗಟ್ಟಲೆ ಅತ್ತವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಗುಟ್ಟು ಕಾಯುವುದರಲ್ಲಿ ಇನ್ನೊಂದು ಕೇಡಿದೆ. ಮಗುವಿನ ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಫೋಲಿಕ್ ಆಸಿಡ್ ಮಾತ್ರೆ ಬೇಕಾಗುವುದು ಆಗಲೇ, ಅದಕ್ಕೂ ಮೊದಲೇ.

ಐದು, ಏಳನೇ ತಿಂಗಳಿಗೆ ನಮ್ಮಲ್ಲಿ ಸಂಭ್ರಮವೋ ಸಂಭ್ರಮ. ಹೂ ಮುಡಿಸುವುದು, ಹಸಿರು ಬಳೆ, ಮಡಿಲು ತುಂಬುವುದು, ಬಯಕೆಯೂಟ. ಆ ಹೊತ್ತಿಗೆ ಹೆಚ್ಚಿನವರಿಗೆ ವಾಕರಿಕೆ ನಿಂತು ಹಸಿವು ಮರಳಿರುತ್ತದೆ. ಅನ್ನ ಸೇರದೆ, ಕಾರಣವಿಲ್ಲದೆ ಅಳು ಬಂದು, ಹಿಗ್ಗು ಮತ್ತು ದಿಗಿಲು ಒಟ್ಟಿಗೇ ಆದ ದಿನಗಳಿಗೆ ಒಂದು ಶಾಸ್ತ್ರವೂ ಇಲ್ಲ. ಹೊಟ್ಟೆ ಕಂಡ ಮೇಲಷ್ಟೇ ನಮಗೆ ಬಸುರಿ ಕಾಣುತ್ತಾಳೆ. ಸರ್ಕಾರವೂ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದು ಬಸುರಿಯರನ್ನು ಅಂಗನವಾಡಿಗೆ ಬಿಸಿಯೂಟಕ್ಕೆ ಕರೆಯಿತು. ಒಳ್ಳೆಯ ಕೆಲಸವೇ, ಆದರೆ ಸಾರಿನ ವಾಸನೆಗೇ ಓಡುವವಳು ಆ ಬಿಸಿಲಲ್ಲಿ ನಡೆದು ಹೋಗಿ ಉಣ್ಣುವುದೆಂತು? ಅವಳಿಗೆ ಬೇಕಾದದ್ದು ಗಂಟೆಗೊಮ್ಮೆ ಒಂದಿಷ್ಟು ಮಂಡಕ್ಕಿಯೋ ತಣ್ಣನೆ ಮಜ್ಜಿಗೆಯೋ.

ಮಣ್ಣು, ಸುಣ್ಣ ತಿನ್ನುವ ಆಸೆಯಾದರೆ ಬಯಕೆಯೆಂದು ನಗಬೇಡಿ, ರಕ್ತಹೀನತೆ ಇದ್ದೀತು, ಪರೀಕ್ಷೆ ಮಾಡಿಸಿ. ನೀರೂ ನಿಲ್ಲದಷ್ಟು ವಾಂತಿ, ರಕ್ತಸ್ರಾವ, ತೀವ್ರ ಹೊಟ್ಟೆನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು ವಾರ ಮೀರಿಯೂ ಮನಸ್ಸು ಕುಗ್ಗಿಯೇ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹನ್ನೆರಡು ವಾರದೊಳಗೆ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿ. ನೀರಿನ ಬಿಂದಿಗೆಯನ್ನು ಗಂಡ ಹೊರಲಿ. ಅದಕ್ಕೆ ಐದನೇ ತಿಂಗಳವರೆಗೆ ಕಾಯಬೇಕಿಲ್ಲ.